ಅಕ್ಷರದ ಚಿತ್ರ ಯಾಕೆ ಸೊಟ್ಟಗಾಗತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಆಸ್ಕಿ ಆರ್ಟ್ ಬಗ್ಗೆನೇ ಇದಾವೆ, ಹಾಗಾಗಿ ಉಳಿದಿದ್ದನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇದೊಂದನ್ನೇ ತಗೊಂಡಿದೀನಿ. ಗೊತ್ತಿಲ್ದೋರಿಗೆ ಒಂದು ಮಾತು: ಕೀಬೋರ್ಡಲ್ಲಿರೋ ಗೆರೆ, ಚುಕ್ಕಿ, ಬ್ರಾಕೆಟ್, ಸ್ಲ್ಯಾಶ್ ಜೋಡಿಸಿ ಬೆಕ್ಕು, ಮನೆ, ಮುಖ ಎಲ್ಲಾ ಬರೀತಾರಲ್ಲ, ಅದೇ ಇದು. ಟ್ಯಾಗ್ (ವೆಬ್ ಪೇಜ್ ಬರೆಯೋ ಎಚ್‌ಟಿಎಂಎಲ್ ಭಾಷೆಯ ಗುರುತು) ಮತ್ತೆ ಸಿಎಸ್‌ಎಸ್ (ಪೇಜಿನ ಅಂದಚೆಂದ ಹೇಳೋ ಭಾಷೆ) ಹೆಸರುಗಳನ್ನ ಇಲ್ಲಿ ಕನ್ನಡದಲ್ಲೇ ಬರ್ದಿದೀನಿ, ಕೋಡಲ್ಲಿ ಹಾಕುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕ್ಕೊಳಿ.

ಪ್ರಶ್ನೆ: ಸರ್, ನೋಟ್‌ಪ್ಯಾಡಲ್ಲಿ ಒಂದು ಬೆಕ್ಕು ಮಾಡಿದೀನಿ, ಅಲ್ಲಿ ಸೂಪರಾಗಿದೆ. ವೆಬ್ ಪೇಜಿಗೆ ಪೇಸ್ಟ್ ಮಾಡಿದ್ರೆ ಎಲ್ಲಾ ಒಂದೇ ಸಾಲಿಗೆ ಬಂತು. ಆಮೇಲೆ ಪ್ರತಿ ಸಾಲಿಗೆ ಬಿಆರ್ (ಸಾಲು ಮುರಿಯೋ ಟ್ಯಾಗ್) ಹಾಕಿ, ಸ್ಪೇಸ್ ಇದ್ದ ಕಡೆ ಎಲ್ಲ ಎನ್‌ಬಿಎಸ್‌ಪಿ (ಕುಗ್ಗದ ಸ್ಪೇಸ್) ಹಾಕಿದೆ. ಈಗ ಸಾಲೇನೋ ಬಂತು, ಆದ್ರೆ ಕಿವಿ ಒಂದು ಕಡೆ ಮೀಸೆ ಒಂದು ಕಡೆ. ಕ್ರೋಮಲ್ಲಿ ಒಂಥರ, ಫೈರ್‌ಫಾಕ್ಸಲ್ಲಿ ಇನ್ನೊಂಥರ. ಯಾವ ಬ್ರೌಸರ್ ಸರಿ?

ಉತ್ತರ: ಎರಡೂ ಸರಿ. ಬ್ರೌಸರನ್ನ ಬೈಯೋದು ಬಿಟ್ಟು ಫಾಂಟ್ ನೋಡಿ. ಈ ಅಂಕಣದಲ್ಲಿ ಕೆಳಗಡೆ ಬರೋ ಪ್ರಶ್ನೆಗಳಲ್ಲೂ ಮುಕ್ಕಾಲು ಪಾಲು ಕೊನೆಗೆ ಫಾಂಟಿಗೇ ಬಂದು ನಿಲ್ಲತ್ತೆ, ಮೊದಲೇ ಹೇಳ್ಬಿಡ್ತೀನಿ.

ಎಚ್‌ಟಿಎಂಎಲ್‌ಗೆ ಒಂದು ಹಳೇ ಅಭ್ಯಾಸ ಇದೆ, ಸ್ಪೇಸ್ ಎಷ್ಟೇ ಹಾಕಿ, ಎಂಟರ್ ಎಷ್ಟೇ ಒತ್ತಿ, ಎಲ್ಲಾ ಸೇರಿಸಿ ಒಂದೇ ಸ್ಪೇಸ್ ಮಾಡಿ ತೋರ್ಸತ್ತೆ. ನಿಮ್ಮ ಬೆಕ್ಕು ಮೊದಲನೇ ಸಲ ಒಂದೇ ಸಾಲಾಗಿದ್ದು ಅದಕ್ಕೆ. ಆಮೇಲೆ ನೀವು ಎನ್‌ಬಿಎಸ್‌ಪಿ ಹಾಕಿ ಜಾಗ ಉಳಿಸ್ಕೊಂಡ್ರಿ, ಸರಿ, ಆದ್ರೆ ಜಾಗದ ಅಗಲ ಯಾರು ಹೇಳಿದ್ರು? ಏರಿಯಲ್ ಫಾಂಟಲ್ಲಿ ಒಂದು ಸ್ಪೇಸ್ ಇರೋದು ಅಂಡರ್‌ಸ್ಕೋರಿನ ಅರ್ಧ ಅಗಲ, ಸ್ಲ್ಯಾಶ್ ಕೂಡ ಅಷ್ಟೇ. ಅಂದ್ರೆ ಕಿವಿ ಸಾಲಲ್ಲಿ `/\_/\` ಅಂತ ಐದು ಅಕ್ಷರ ಇದ್ರೆ ಅದರ ಮಧ್ಯದ ಒಂದು ಅಂಡರ್‌ಸ್ಕೋರ್, ಪಕ್ಕದ ಎರಡು ಸ್ಲ್ಯಾಶ್ ತಿನ್ನೋವಷ್ಟು ಜಾಗ ತಿನ್ನತ್ತೆ. ಕೆಳಗಿನ ಸಾಲಲ್ಲಿ ಬ್ರಾಕೆಟ್ಟು ಚುಕ್ಕಿ ಇರತ್ತೆ, ಅದರ ಲೆಕ್ಕಾನೇ ಬೇರೆ. ಮುಖದ ಮೇಲೆ ಕಿವಿ ಕೂರೋ ಚಾನ್ಸೇ ಇಲ್ಲ.

ಆಸ್ಕಿ ಆರ್ಟ್ ಅನ್ನೋದು ಗಣಿತದ ಚೌಕದ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದೇ ಗುರುತು ಹಾಕಿ ಬರೆದ ಚಿತ್ರ ಇದ್ದಂಗೆ, ಚೌಕ ಇಲ್ದಿದ್ರೆ ಚಿತ್ರನೂ ಇಲ್ಲ. ಈ ಚೌಕ ಬಂದಿದ್ದು ಟೈಪ್‌ರೈಟರಿಂದ, ಅದರಲ್ಲಿ ಯಾವ ಕೀ ಒತ್ತಿದ್ರೂ ಕಾಗದ ಹಿಡಿದಿರೋ ಗಾಡಿ ಅಷ್ಟೇ ದೂರ ಸರೀತಿತ್ತು. 1898ರಲ್ಲೇ ಫ್ಲೋರಾ ಸ್ಟೇಸಿ ಅನ್ನೋರು ಟೈಪ್‌ರೈಟರಲ್ಲಿ ಚಿಟ್ಟೆ ಬರೆದಿದ್ರು, ಆಸ್ಕಿ ಸ್ಟ್ಯಾಂಡರ್ಡ್, ಅಂದ್ರೆ ಕಂಪ್ಯೂಟರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪಟ್ಟಿ, ಬಂದಿದ್ದು 1963ರಲ್ಲಿ. ಕೊರಿಯರ್ ಫಾಂಟ್ ಕೂಡ 1950ರ ದಶಕದಲ್ಲಿ ಐಬಿಎಂ ಟೈಪ್‌ರೈಟರಿಗೆ ಅಂತ ಮಾಡಿದ್ದೇ. ಆ ತರ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರೋ ಫಾಂಟಿಗೆ ಮಾನೋಸ್ಪೇಸ್ ಅಂತೀವಿ.

ಈಗ ಮಾಡ್ಬೇಕಾಗಿದ್ದು: ಬಿಆರ್, ಎನ್‌ಬಿಎಸ್‌ಪಿ ಎಲ್ಲಾ ಕಿತ್ತಾಕಿ, ಇಡೀ ಚಿತ್ರನ ಪ್ರೀ ಟ್ಯಾಗ್ ಒಳಗೆ ಹಾಕಿ. ಪ್ರೀ ಒಳಗೆ ಸ್ಪೇಸೂ ಎಂಟರೂ ಇದ್ದಂಗೇ ಇರತ್ತೆ, ಫಾಂಟೂ ತಾನಾಗೇ ಮಾನೋಸ್ಪೇಸ್ ಆಗತ್ತೆ. ಓಪನಿಂಗ್ ಟ್ಯಾಗ್ ಆದ ತಕ್ಷಣ ಒಂದು ಎಂಟರ್ ಹೊಡೆದ್ರೆ ಅದನ್ನ ಮಾತ್ರ ಬ್ರೌಸರ್ ನುಂಗ್ಬಿಡತ್ತೆ, ಅದು ಒಳ್ಳೇದೇ, ಚಿತ್ರನ ಹೊಸ ಸಾಲಿಂದ ಶುರು ಮಾಡ್ಬೋದು. ಟ್ಯಾಬ್ ಕೀ ಬಳಸಿದ್ರೆ ಎಲ್ಲಾನೂ ಸ್ಪೇಸಿಗೆ ಬದಲಾಯ್ಸಿ, ಯಾಕಂದ್ರೆ ಬ್ರೌಸರಲ್ಲಿ ಟ್ಯಾಬ್ ಸ್ಟಾಪ್ ಎಂಟು ಅಕ್ಷರಕ್ಕೊಂದು, ನಿಮ್ಮ ಎಡಿಟರಲ್ಲಿ ನಾಲ್ಕಕ್ಕೊಂದು ಇರ್ಬೋದು.

ಕ್ರೋಮ್, ಫೈರ್‌ಫಾಕ್ಸ್ ವ್ಯತ್ಯಾಸ ಅಂದ್ರಲ್ಲ, ಅದು ಹಿಂಗೆ. ಬರೀ ಮಾನೋಸ್ಪೇಸ್ ಅಂತ ಹೇಳಿದ್ರೆ ಒಂದೊಂದು ಸಿಸ್ಟಮ್ ಒಂದೊಂದು ಫಾಂಟ್ ಎತ್ಕೊಡತ್ತೆ, ವಿಂಡೋಸಲ್ಲಿ ಕನ್ಸೋಲಾಸೋ ಕೊರಿಯರ್ ನ್ಯೂನೋ, ಮ್ಯಾಕಲ್ಲಿ ಮೆನ್ಲೋ ಅಥವಾ ಕೊರಿಯರ್, ಲಿನಕ್ಸಲ್ಲಿ ಹೆಚ್ಚಾಗಿ ಡೆಜಾವು ಇಲ್ಲಾ ಲಿಬರೇಶನ್ ಮೋನೋ. ಕೊರಿಯರ್ ನ್ಯೂನಲ್ಲಿ ಒಂದಕ್ಷರದ ಅಗಲ ಫಾಂಟ್ ಸೈಜಿನ 0.6 ಪಾಲು, ಕನ್ಸೋಲಾಸಲ್ಲಿ 0.55. ಚಿತ್ರ ಸ್ವಲ್ಪ ದಪ್ಪ ಸಣ್ಣ ಆಗತ್ತೆ, ಒಡಿಯಲ್ಲ. ಜೊತೆಗೆ ಬರೀ ಮಾನೋಸ್ಪೇಸ್ ಅಂತ ಒಂದೇ ಹೆಸರು ಕೊಟ್ಟಾಗ ಬ್ರೌಸರ್‌ಗಳು ಡೀಫಾಲ್ಟ್ ಸೈಜನ್ನ 16 ಪಿಕ್ಸೆಲ್ ಬದಲು 13ಕ್ಕೆ ಇಳಿಸೋ ಚಾಳಿ ಇದೆ, ಹಾಗಾಗಿ ಸೈಜನ್ನ ನೀವೇ ಪಿಕ್ಸೆಲಲ್ಲಿ ಹೇಳ್ಬಿಡಿ. ಇನ್ನೊಂದು: ಪೇಜಿನ ಬಾಡಿಗೆ ಲೆಟರ್-ಸ್ಪೇಸಿಂಗ್, ವರ್ಡ್-ಸ್ಪೇಸಿಂಗ್ ಕೊಟ್ಟಿದ್ರೆ ಅದು ಪ್ರೀಗೂ ಇಳಿದು ಬರತ್ತೆ, ಎರಡನ್ನೂ ಅಲ್ಲಿ ನಾರ್ಮಲ್ ಮಾಡಿ. ಫೀರಾ ಕೋಡ್ ತರದ ಪ್ರೋಗ್ರಾಮರ್ ಫಾಂಟ್ ಹಾಕ್ಕೊಂಡಿದ್ರೆ ಡ್ಯಾಶು ಮತ್ತೆ ಗ್ರೇಟರ್ ದ್ಯಾನ್ ಗುರುತು (`>`) ಅಕ್ಕಪಕ್ಕ ಬಂದ್ರೆ ಸೇರಿ ಬಾಣ ಆಗ್ಬಿಡತ್ತೆ, ಅಗಲ ಕೆಡಲ್ಲ, ಆಕಾರ ಕೆಡತ್ತೆ. ಫಾಂಟ್-ವೇರಿಯಂಟ್-ಲಿಗೇಚರ್ಸ್ ಅನ್ನೋದನ್ನ ನನ್ (none) ಅಂತ ಮಾಡಿದ್ರೆ ನಿಲ್ಲತ್ತೆ.

ಪ್ರಶ್ನೆ: ಪ್ರೀ ಟ್ಯಾಗೂ ಇದೆ, ಮಾನೋಸ್ಪೇಸೂ ಇದೆ. ಎಡಕ್ಕಿದ್ದಾಗ ಚೆನ್ನಾಗಿರತ್ತೆ, ಪೇಜ್ ಮಧ್ಯಕ್ಕೆ ತಂದ ತಕ್ಷಣ ಮರ ಹೋಗಿ ಬುಗುರಿ ಆಗತ್ತೆ!

ಉತ್ತರ: ಟೆಕ್ಸ್ಟ್-ಅಲೈನ್ ಸೆಂಟರ್ ಕೊಟ್ಟಿದೀರ ಅಲ್ವಾ. ಅದು ಇಡೀ ಚಿತ್ರನ ಮಧ್ಯಕ್ಕೆ ತರಲ್ಲ, ಒಂದೊಂದು ಸಾಲನ್ನ ಬೇರೆ ಬೇರೆಯಾಗಿ ಮಧ್ಯಕ್ಕೆ ಎಳೆಯತ್ತೆ. ನೀವು ಎಡಗಡೆ ಸ್ಪೇಸ್ ಹಾಕಿ ಮಾಡಿರೋ ಜೋಡಣೆ ಪೂರ್ತಿ ಹಾಳು. ಪ್ರೀಗೆ ಟೆಕ್ಸ್ಟ್-ಅಲೈನ್ ಲೆಫ್ಟ್ ಅಂತಾನೇ ಕೊಡಿ, ಜೊತೆಗೆ ವಿಡ್ತ್ ಮ್ಯಾಕ್ಸ್-ಕಂಟೆಂಟ್, ಎಡಬಲ ಮಾರ್ಜಿನ್ ಆಟೋ. ಆಗ ಡಬ್ಬಿ ಮಧ್ಯಕ್ಕೆ ಬರತ್ತೆ, ಒಳಗಿಂದು ಅಲ್ಲಾಡಲ್ಲ.

ಪ್ರಶ್ನೆ: ನನ್ನ ಚಿತ್ರದಲ್ಲಿ ಒಂದು ರಾಕೆಟ್ ಇದೆ, ಅದರ ಒಂದು ರೆಕ್ಕೆ ಮಾತ್ರ ಯಾವ ಬ್ರೌಸರಲ್ಲೂ ಕಾಣಲ್ಲ. ಆ ರೆಕ್ಕೇಲಿರೋ ಲೆಸ್ ದ್ಯಾನ್ ಗುರುತೇ (`<`) ಬೇರೆ ಕಡೆ ಇರೋದು ಆರಾಮಾಗಿ ಕಾಣತ್ತೆ. ಅದೇ ಚಿತ್ರನ ಜಾವಾಸ್ಕ್ರಿಪ್ಟಿಂದ ಹಾಕಿದ್ರೆ ಇನ್ನೂ ಜಾಸ್ತಿ ಮಾಯ ಆಗತ್ತೆ. ಏನಿದು ಭೂತಚೇಷ್ಟೆ?

ಉತ್ತರ: ಭೂತ ಅಲ್ಲ, ಪಾರ್ಸರ್, ಅಂದ್ರೆ ಪೇಜಿನ ಕೋಡ್ ಓದಿ ಟ್ಯಾಗ್ ಬೇರ್ಪಡಿಸೋ ಬ್ರೌಸರಿನ ಭಾಗ. ಪ್ರೀ ಒಳಗೆ ಹಾಕಿದ್ರೂ ಅದು ಎಚ್‌ಟಿಎಂಎಲೇ, ಟ್ಯಾಗ್ ಹುಡುಕೋದನ್ನ ಬ್ರೌಸರ್ ಬಿಡಲ್ಲ. ಲೆಸ್ ದ್ಯಾನ್ ಗುರುತು ಆದ್ಮೇಲೆ ಸ್ಪೇಸೋ, ಬ್ರಾಕೆಟ್ಟೋ, ಚುಕ್ಕಿಯೋ ಬಂದ್ರೆ ಹೋಗ್ಲಿ ಬಿಡು ಅಂತ ಹಂಗೇ ತೋರ್ಸತ್ತೆ. ಅದೇ ಒಂದು ಇಂಗ್ಲಿಷ್ ಅಕ್ಷರನೋ, ಸ್ಲ್ಯಾಶೋ, ಆಶ್ಚರ್ಯಸೂಚಕ ಚಿಹ್ನೆನೋ, ಪ್ರಶ್ನೆ ಗುರುತೋ ಬಂತು ಅಂದ್ರೆ ಓಹೋ ಟ್ಯಾಗು ಅಂತ ಅಂದ್ಕೊಂಡು ಮುಂದಿನ ಗ್ರೇಟರ್ ದ್ಯಾನ್ ಸಿಗೋವರೆಗೂ ಎಲ್ಲಾನೂ ನುಂಗತ್ತೆ. ನಿಮ್ಮ ರಾಕೆಟ್ಟಿನ ಆ ರೆಕ್ಕೆಲಿ ಅದರ ಪಕ್ಕ ಸ್ಲ್ಯಾಶ್ ಇರತ್ತೆ, ನೋಡ್ಕೊಳಿ. ಹಾಗಾಗಿ ಪೇಸ್ಟ್ ಮಾಡೋಕೆ ಮುಂಚೆ ಆಂಪರ್‌ಸ್ಯಾಂಡನ್ನ (`&`) ಎಎಂಪಿ ಎಂಟಿಟಿಗೂ (ಗುರುತಿನ ಬದಲು ಬರೆಯೋ ಸಂಕೇತ, `&`) ಲೆಸ್ ದ್ಯಾನನ್ನ ಎಲ್‌ಟಿ ಎಂಟಿಟಿಗೂ (`<`) ಬದಲಾಯಿಸ್ಬೇಕು, ಮೊದಲು ಆಂಪರ್‌ಸ್ಯಾಂಡ್, ಆಮೇಲೆ ಇನ್ನೊಂದು. ಉಲ್ಟಾ ಮಾಡಿದ್ರೆ ಎಂಟಿಟಿ ಒಳಗಿನ ಆಂಪರ್‌ಸ್ಯಾಂಡೂ ಮತ್ತೆ ಬದಲಾಗಿ ತೆರೆ ಮೇಲೆ ಕಸ ಕಾಣತ್ತೆ. ಎಡಿಟರಲ್ಲಿ ಸೋರ್ಸ್ ನೋಡಿದ್ರೆ ಎಂಟಿಟಿ ಇರೋ ಸಾಲು ಉದ್ದ ಕಂಡು ಚಿತ್ರ ಸೊಟ್ಟಗಿರತ್ತೆ, ಗಾಬರಿ ಆಗ್ಬೇಡಿ, ಪೇಜಲ್ಲಿ ನೆಟ್ಟಗೆ ಬರತ್ತೆ.

ಜಾವಾಸ್ಕ್ರಿಪ್ಟಲ್ಲಿ ಹೆಚ್ಚಿಗೆ ಮಾಯ ಆಗೋದು ಬ್ಯಾಕ್‌ಸ್ಲ್ಯಾಶು. ಸ್ಟ್ರಿಂಗ್ ಒಳಗೆ ಅದು ಎಸ್ಕೇಪ್ ಗುರುತು, ಒಂದು ಬರೆದ್ರೆ ಕಾಣಲ್ಲ, ಎರಡೆರಡು ಬರೀಬೇಕು. ಅದು ಬೇಜಾರು ಅಂದ್ರೆ ಸ್ಟ್ರಿಂಗ್ ಡಾಟ್ ರಾ ಜೊತೆ ಬ್ಯಾಕ್‌ಟಿಕ್ ಬಳಸಿ, ಇದ್ದಂಗೇ ಬರತ್ತೆ, ಚಿತ್ರದಲ್ಲೇ ಬ್ಯಾಕ್‌ಟಿಕ್ ಇದ್ರೆ ಮಾತ್ರ ಕಷ್ಟ. ಪೇಜಿಗೆ ಹಾಕುವಾಗ ಇನ್ನರ್‌ಎಚ್‌ಟಿಎಂಎಲ್ ಬಿಟ್ಟು ಟೆಕ್ಸ್ಟ್‌ಕಂಟೆಂಟ್ ಬಳಸಿದ್ರೆ ಎಂಟಿಟಿ ತಲೆನೋವೇ ಇಲ್ಲ.

ಪ್ರಶ್ನೆ: ಪೇಜ್ ಸೋರ್ಸ್ ತೆಗೆದು ನೋಡೋರಿಗೆ ಕಾಣ್ಲಿ ಅಂತ ಕಾಮೆಂಟ್ ಒಳಗೆ ಒಂದು ಬಾಣದ ಚಿತ್ರ ಇಟ್ಟಿದ್ದೆ, ಅರ್ಧ ಚಿತ್ರ ಪೇಜ್ ಮೇಲೇ ಬಂದ್ಬಿಡ್ತು.

ಉತ್ತರ: ಎರಡು ಡ್ಯಾಶ್ ಆಗಿ ಗ್ರೇಟರ್ ದ್ಯಾನ್ ಬಂದ್ರೆ ಕಾಮೆಂಟ್ ಅಲ್ಲಿಗೆ ಮುಗೀತು. ನಿಮ್ಮ ಬಾಣದ ತುದಿನೇ ಅದು. ಬಾಣ ಎಡಕ್ಕೆ ತಿರುಗಿಸಿ!

ಪ್ರಶ್ನೆ: ಡಾಸ್ (ವಿಂಡೋಸಿಗೆ ಮುಂಚಿನ ಸಿಸ್ಟಮ್) ಕಾಲದ ಕೆಲವು ಆನ್ಸಿ ಆರ್ಟ್ (ಬಣ್ಣದ ಅಕ್ಷರಚಿತ್ರ) ಫೈಲುಗಳು, ಎನ್‌ಎಫ್‌ಒ (ಸಾಫ್ಟ್‌ವೇರ್ ಜೊತೆ ಬರ್ತಿದ್ದ ಮಾಹಿತಿ) ಫೈಲುಗಳು ನನ್ನ ಹತ್ರ ಇದಾವೆ. ಬ್ರೌಸರಲ್ಲಿ ತೆಗೆದ್ರೆ ಗೋಡೆ, ಬಾಕ್ಸ್ ಇರ್ಬೇಕಾದ ಕಡೆ ತಲೆ ಮೇಲೆ ಟೋಪಿ, ಚುಕ್ಕಿ ಇಟ್ಕೊಂಡಿರೋ ಯೂರೋಪಿನ ಅಕ್ಷರಗಳ ಸಾಲು ಕಾಣತ್ತೆ. ಒಂದು ಆನ್‌ಲೈನ್ ಕನ್ವರ್ಟರಿಗೆ ಹಾಕಿ ಸರಿ ಮಾಡ್ಕೊಂಡೆ, ಆದ್ರೆ ಈಗ ಸಾಲು ಸಾಲಿನ ಮಧ್ಯೆ ಬಿಳಿ ಗೆರೆ, ಮೇಲಾಗಿ ಫೋನಲ್ಲಿ ನೋಡಿದ್ರೆ ಹಾರ್ಟ್ ಎಲ್ಲಾ ಕೆಂಪು ಇಮೋಜಿ ಆಗಿದೆ.

ಉತ್ತರ: ಒಂದೇ ಪ್ರಶ್ನೇಲಿ ಮೂರು ಕಾಯಿಲೆ, ಒಂದೊಂದಾಗಿ ನೋಡೋಣ. ಈ ವಿಷಯ ನಂಗೆ ಇಷ್ಟ, ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳಿ.

ಆ ಫೈಲುಗಳಲ್ಲಿರೋದು ಕೋಡ್ ಪೇಜ್ 437 ಅನ್ನೋ ಅಕ್ಷರ-ನಂಬರ್ ಪಟ್ಟಿ, 1981ರ ಐಬಿಎಂ ಪಿಸಿ ಜೊತೆ ಬಂದಿದ್ದು. ಆಸ್ಕಿಲಿ ಇರೋದು 128 ಕೋಡು, ಉಳಿದ 128 ಜಾಗದಲ್ಲಿ ಐಬಿಎಂನೋರು ಬಾಕ್ಸ್ ಗೆರೆ, ಇಟ್ಟಿಗೆ, ನೆರಳು ಎಲ್ಲಾ ತುಂಬಿಸಿದ್ರು. 219ನೇ ಬೈಟ್ ಅಂದ್ರೆ ಪೂರ್ತಿ ತುಂಬಿದ ಇಟ್ಟಿಗೆ `█`, 176ರಿಂದ 178 ಮೂರು ಹದದ ನೆರಳು `░▒▓`, 196 ಅಡ್ಡಗೆರೆ. ಅದೇ 219ನೇ ಬೈಟನ್ನ ವಿಂಡೋಸಿನ ಕೋಡ್ ಪೇಜ್ 1252 ಪ್ರಕಾರ ಓದಿದ್ರೆ ಟೋಪಿ ಇಟ್ಟ ಯು ಅಕ್ಷರ, 196 ಓದಿದ್ರೆ ಎರಡು ಚುಕ್ಕಿ ಇಟ್ಟ ಎ ಅಕ್ಷರ. ಫೈಲ್ ಹಾಳಾಗಿಲ್ಲ, ಓದಿದ್ದು ತಪ್ಪು ಅಷ್ಟೇ. ಕನ್ವರ್ಟರ್ ವೆಬ್‌ಸೈಟ್ ಬೇಕಾಗಿಲ್ಲ, ಲಿನಕ್ಸ್, ಮ್ಯಾಕಲ್ಲಿ ಐಕಾನ್ವ್ ಕಮಾಂಡಿಗೆ ಸಿಪಿ437ರಿಂದ (ಅದೇ ಕೋಡ್ ಪೇಜ್ 437) ಈಗಿನ ವೆಬ್ಬಿನ ಯುಟಿಎಫ್-8ಗೆ ಅಂತ ಹೇಳಿದ್ರೆ ಸಾಕು, ಪೈಥಾನಲ್ಲಿ ಸಿಪಿ437 ಅನ್ನೋ ಎನ್‌ಕೋಡಿಂಗ್ ಜೊತೆಗೇ ಬರತ್ತೆ. ಆಮೇಲೆ ಪೇಜಿನ ಹೆಡ್ ಒಳಗೆ ಮೊದಲ 1024 ಬೈಟ್ ಒಳಗಡೆನೇ ಮೆಟಾ ಚಾರ್‌ಸೆಟ್ ಯುಟಿಎಫ್-8 ಇರ್ಲಿ.

ಬ್ರೌಸರಲ್ಲೇ ಡಿಕೋಡ್ ಮಾಡ್ತೀನಿ ಅನ್ನೋರಿಗೆ ಒಂದು ಚಮತ್ಕಾರ ಹೇಳ್ತೀನಿ. ಬೈಟನ್ನ ಅಕ್ಷರ ಮಾಡೋ ಜಾವಾಸ್ಕ್ರಿಪ್ಟಿನ ಟೆಕ್ಸ್ಟ್‌ಡಿಕೋಡರ್‌ಗೆ ಸಿಪಿ437 ಗೊತ್ತಿಲ್ಲ, ವೆಬ್ ಸ್ಟ್ಯಾಂಡರ್ಡಲ್ಲೇ ಅದನ್ನ ಸೇರಿಸಿಲ್ಲ. ಆದ್ರೆ ರಷ್ಯನ್ ಡಾಸಿನ ಐಬಿಎಂ866 ಸೇರಿಸಿದಾರೆ, ಮತ್ತೆ ಅದರಲ್ಲಿ ಬಾಕ್ಸ್ ಗೆರೆಗಳೂ ಇಟ್ಟಿಗೆಗಳೂ 437ರಲ್ಲಿ ಇದ್ದ ಜಾಗದಲ್ಲೇ ಇದಾವೆ, 176ರಿಂದ 223ರವರೆಗೆ. ನಿಮ್ಮ ಫೈಲಲ್ಲಿ ಇಂಗ್ಲಿಷ್ ಅಕ್ಷರ ಮತ್ತೆ ಗೆರೆ, ಇಟ್ಟಿಗೆ ಬಿಟ್ರೆ ಬೇರೇನೂ ಇಲ್ಲ ಅಂದ್ರೆ ಐಬಿಎಂ866 ಅಂತ ಸುಳ್ಳು ಹೇಳಿ ಓದಿಸಿ, ನಡಿಯತ್ತೆ.

ಎರಡನೇದು ಬಿಳಿ ಗೆರೆ. ಓದೋಕೆ ಚೆಂದ ಅಂತ ಬಾಡಿಗೆ ಲೈನ್-ಹೈಟ್ 1.6 ಕೊಟ್ಟಿರ್ತೀವಿ, ಪ್ರೀಗೂ ಅದೇ ಇಳಿಯತ್ತೆ. ಇಟ್ಟಿಗೆ ಅಕ್ಷರ ಫಾಂಟಿನ ಮೇಲಿಂದ ಕೆಳಗಿನವರೆಗೆ ತುಂಬೋ ಹಂಗೆ ಮಾಡಿರ್ತಾರೆ, ಸಾಲಿನ ಎತ್ತರ ಅದಕ್ಕಿಂತ ಜಾಸ್ತಿ ಆದ್ರೆ ಸಂದಿ ಬಿಡತ್ತೆ, ಕಮ್ಮಿ ಆದ್ರೆ ಒಂದರ ಮೇಲೊಂದು ಹತ್ತಿ ನೆರಳಿನ ಇಟ್ಟಿಗೆಗಳಲ್ಲಿ ಪಟ್ಟೆ ಕಾಣತ್ತೆ. ಸರಿಯಾದ ನಂಬರ್ ಒಂದೊಂದು ಫಾಂಟಿಗೆ ಒಂದೊಂದು, ಹಾಗಾಗಿ ಓದುಗರ ಕಂಪ್ಯೂಟರಲ್ಲಿ ಯಾವ ಫಾಂಟ್ ಇದ್ಯೋ ಅಂತ ಊಹೆ ಮಾಡೋ ಬದಲು ನೀವೇ ಒಂದು ಫಾಂಟ್ ಕಳಿಸಿ. ಹಳೇ ಪಿಸಿ ಫಾಂಟುಗಳನ್ನೆಲ್ಲಾ ಒಟ್ಟು ಮಾಡಿರೋ ಅಲ್ಟಿಮೇಟ್ ಓಲ್ಡ್‌ಸ್ಕೂಲ್ ಪಿಸಿ ಫಾಂಟ್ ಪ್ಯಾಕ್ ಅಂತ ಇದೆ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಸಿಗತ್ತೆ, ಅದರಲ್ಲಿ ಐಬಿಎಂ ವಿಜಿಎ 8x16 ತಗೊಂಡು ಫಾಂಟ್ ಸೈಜ್ 16 ಪಿಕ್ಸೆಲ್, ಲೈನ್-ಹೈಟೂ 16 ಪಿಕ್ಸೆಲ್ ಇಡಿ. ದೊಡ್ಡದು ಬೇಕಾದ್ರೆ ಸೀದಾ 32, ಮಧ್ಯದ ನಂಬರ್ ಬೇಡ. ಆಗ್ಲೂ ಯಾರಾದ್ರೂ ಬ್ರೌಸರಲ್ಲಿ 110 ಪರ್ಸೆಂಟ್ ಝೂಮ್ ಮಾಡಿದ್ರೆ 16 ಹೋಗಿ 17.6 ಆಗತ್ತೆ, ಅರ್ಧಂಬರ್ಧ ಪಿಕ್ಸೆಲ್ ಬಂದು ಕೂದಲೆಳೆ ಗೆರೆ ಕಾಣ್ಬೋದು. ಅದಕ್ಕೆ ಸಿಎಸ್‌ಎಸಲ್ಲಿ ಪೂರ್ತಿ ಪರಿಹಾರ ಇಲ್ಲ.

ಗೂಗಲ್ ಫಾಂಟ್ಸಿಂದ ಮಾನೋಸ್ಪೇಸ್ ಫಾಂಟ್ ಹಾಕ್ಕೊಳೋರು ಒಂದು ಗಮನಿಸಿ. ಅಲ್ಲಿ ಫಾಂಟನ್ನ ತುಂಡು ತುಂಡು ಮಾಡಿ ಕಳಿಸ್ತಾರೆ, ಲ್ಯಾಟಿನ್ ತುಂಡಲ್ಲಿ ಬಾಕ್ಸ್ ಗೆರೆ ಇರಲ್ಲ. ಇಲ್ಲದ ಅಕ್ಷರನ ಬ್ರೌಸರ್ ಇನ್ಯಾವುದೋ ಫಾಂಟಿಂದ ಕಡ ತರತ್ತೆ, ಅದರ ಅಗಲ ಬೇರೆ, ಅಲ್ಲಿಗೆ ಬಲಗಡೆ ಗೋಡೆ ಹಾವಿನ ತರ ಓಡಾಡತ್ತೆ. ಒಂದೇ ಸಾಲಲ್ಲಿ ಎರಡು ಫಾಂಟ್ ಬಂದಿದ್ಯಾ ಅಂತ ನೋಡೋದು ಸುಲಭ, ಫೈರ್‌ಫಾಕ್ಸಿನ ಇನ್‌ಸ್ಪೆಕ್ಟರಲ್ಲಿ ಫಾಂಟ್ಸ್ ಟ್ಯಾಬ್ ಇದೆ, ಕ್ರೋಮಲ್ಲಿ ಕಂಪ್ಯೂಟೆಡ್ ಟ್ಯಾಬಿನ ಕೊನೇಲಿ ರೆಂಡರ್ಡ್ ಫಾಂಟ್ಸ್ ಅಂತ ಬರತ್ತೆ. ಎರಡು ಹೆಸರು ಕಂಡ್ರೆ ಕಳ್ಳ ಸಿಕ್ಕಿದ ಅಂತ ಲೆಕ್ಕ.

ಹಾರ್ಟ್ ವಿಷಯ: ಯೂನಿಕೋಡಲ್ಲಿ ಆ ಹಾರ್ಟು, ನಗುಮುಖ ಇವೆಲ್ಲಾ ಅಕ್ಷರನೂ ಹೌದು ಇಮೋಜಿನೂ ಹೌದು, ಯಾವ ವೇಷ ಹಾಕ್ಬೇಕು ಅಂತ ಫೋನೇ ತೀರ್ಮಾನ ಮಾಡತ್ತೆ. ಅಕ್ಷರ ಆದ ತಕ್ಷಣ ವೇರಿಯೇಶನ್ ಸೆಲೆಕ್ಟರ್-15 ಅನ್ನೋ ಕಣ್ಣಿಗೆ ಕಾಣದ ಅಕ್ಷರ ಸೇರಿಸಿದ್ರೆ ಇಮೋಜಿ ಬೇಡ, ಅಕ್ಷರದ ರೂಪ ಕೊಡು ಅಂತ ಹೇಳಿದಂಗೆ. ಎಂಟಿಟಿ ರೂಪದಲ್ಲಿ ಆಂಪರ್‌ಸ್ಯಾಂಡ್, ಹ್ಯಾಶ್, ಆಮೇಲೆ 65038, ಸೆಮಿಕೋಲನ್.

ಪ್ರಶ್ನೆ: ಕಂಪ್ಯೂಟರಲ್ಲಿ ಓಕೆ. ಮೊಬೈಲಲ್ಲಿ ಸಾಲುಗಳು ಮಡಚ್ಕೊಂಡು ಕೆಳಗೆ ಬರ್ತಾವೆ, ಇಲ್ಲಾಂದ್ರೆ ಇಡೀ ಪೇಜೇ ಪಕ್ಕಕ್ಕೆ ಜಾರತ್ತೆ. ಎರಡೂ ಬೇಡ ನಂಗೆ.

ಉತ್ತರ: ಮಡಚ್ಕೊಳ್ತಿದೆ ಅಂದ್ರೆ ಯಾರೋ ವೈಟ್-ಸ್ಪೇಸಿಗೆ ಪ್ರೀ-ರ‍್ಯಾಪ್ ಕೊಟ್ಟಿದಾರೆ, ರೆಡಿಮೇಡ್ ಥೀಮುಗಳಲ್ಲಿ ಇದು ಮಾಮೂಲು. ಕೋಡಿಗೆ ಅದು ಸರಿ, ಚಿತ್ರಕ್ಕೆ ವಿಷ. ವೈಟ್-ಸ್ಪೇಸನ್ನ ಪ್ರೀ ಅಂತಾನೇ ಮಾಡಿ, ಓವರ್‌ಫ್ಲೋ-ಎಕ್ಸ್ ಆಟೋ ಕೊಡಿ, ಆಗ ಪೇಜ್ ಜಾರಲ್ಲ, ಚಿತ್ರದ ಡಬ್ಬಿ ಮಾತ್ರ ಜಾರತ್ತೆ.

ಜಾರೋದೇ ಬೇಡ, ಇಡೀ ಚಿತ್ರ ಒಂದೇ ಸಲ ಕಾಣ್ಬೇಕು ಅಂದ್ರೆ ಲೆಕ್ಕ ಹಾಕ್ಬೇಕು. 80 ಅಕ್ಷರದ ಸಾಲು, ಅಕ್ಷರದ ಅಗಲ 0.6 ಅಂತ ಇಟ್ಕೊಂಡ್ರೆ ಒಟ್ಟು ಅಗಲ ಫಾಂಟ್ ಸೈಜಿನ 48 ಪಟ್ಟು. ತೆರೆಯ ಅಗಲ 100 ಭಾಗ ಅಂದ್ರೆ 100 ಭಾಗಿಸು 48, ಎರಡು ಚಿಲ್ರೆ. ಆ ಒಂದು ಭಾಗಕ್ಕೆ ಸಿಎಸ್‌ಎಸಲ್ಲಿ ವಿಡಬ್ಲ್ಯೂ ಅಂತಾರೆ, ಫಾಂಟ್-ಸೈಜ್ 2ವಿಡಬ್ಲ್ಯೂ ಕೊಟ್ರೆ ಅಂಚಿಗೆ ಸ್ವಲ್ಪ ಜಾಗ ಬಿಟ್ಟು ಕೂರತ್ತೆ. 360 ಪಿಕ್ಸೆಲ್ ಅಗಲದ ಫೋನಲ್ಲಿ ಇದು 7.2 ಪಿಕ್ಸೆಲ್, ಅಕ್ಷರ ಓದೋಕಾಗಲ್ಲ, ಆದ್ರೆ ಚಿತ್ರ ಓದೋದಲ್ವಲ್ಲ, ನೋಡೋದು. ಪೇಜಿಗೆ ಪಕ್ಕದಲ್ಲಿ ಸೈಡ್‌ಬಾರ್, ಪ್ಯಾಡಿಂಗ್ ಎಲ್ಲಾ ಇದ್ರೆ ವಿಡಬ್ಲ್ಯೂ ಬದಲು ಕಂಟೇನರ್ (ಚಿತ್ರ ಕೂತಿರೋ ಡಬ್ಬಿ) ಅಳತೆ ಸಿಕ್ಯೂಡಬ್ಲ್ಯೂ ಬಳಸಿ, 2023ರ ಹೊತ್ತಿಗೆ ಎಲ್ಲಾ ದೊಡ್ಡ ಬ್ರೌಸರಲ್ಲೂ ಬಂದಿದೆ. ವ್ಯೂಪೋರ್ಟ್ ಮೆಟಾ ಟ್ಯಾಗ್ ಇರ್ಲಿ, ಟೆಕ್ಸ್ಟ್-ಸೈಜ್-ಅಡ್ಜಸ್ಟ್ 100 ಪರ್ಸೆಂಟ್ ಮಾಡಿ, ಐಫೋನಿಗೆ ವೆಬ್‌ಕಿಟ್ ಪ್ರಿಫಿಕ್ಸ್ ಸೇರಿಸಿ. ಇಲ್ಲಾಂದ್ರೆ ಫೋನ್ ಅಡ್ಡ ಹಿಡಿದಾಗ ಸಫಾರಿ ತಾನಾಗೇ ಅಕ್ಷರ ದಪ್ಪ ಮಾಡಿ ಉಪಕಾರ ಮಾಡೋಕೆ ಬರತ್ತೆ.

ಪ್ರಶ್ನೆ: ಬಾಕ್ಸ್ ಗೆರೆ ಒಳಗೆ ಕನ್ನಡ ಪದ ಹಾಕಿದ್ರೆ ಬಲಗಡೆ ಗೆರೆ ನಿಲ್ಲೋದೇ ಇಲ್ಲ. ಸ್ಪೇಸ್ ಸೇರಿಸಿ ಕಳೆದು ನನ್ನ ಕಂಪ್ಯೂಟರಲ್ಲಿ ಸರಿ ಮಾಡಿದ್ರೆ ಫ್ರೆಂಡ್ ಫೋನಲ್ಲಿ ಮತ್ತೆ ಸೊಟ್ಟ.

ಉತ್ತರ: ಸ್ಪೇಸ್ ಸೇರಿಸಿ ಕಳೆಯೋದನ್ನ ಬಿಟ್ಬಿಡಿ, ಅದು ಗೆಲ್ಲೋ ಆಟ ಅಲ್ಲ. ಕನ್ನಡದ ಅಕ್ಷರ ಚೌಕದಲ್ಲಿ ಕೂರಲ್ಲ, ಒಂದೊಂದಕ್ಕೆ ಒಂದೊಂದು ಅಗಲ, ಒತ್ತಕ್ಷರ ಕೆಳಗೆ ಹೋಗತ್ತೆ, ದೀರ್ಘ ಪಕ್ಕಕ್ಕೆ ಬರತ್ತೆ. ಪ್ರೋಗ್ರಾಮಲ್ಲಿ ಲೆಂಗ್ತ್ ನೋಡಿ ಪ್ಯಾಡಿಂಗ್ ಮಾಡೋಣ ಅಂದ್ರೆ ಅದೂ ಆಗಲ್ಲ. ‘ಶಾಸ್ತ್ರ’ ಅಂತ ಬರೆದ್ರೆ ಕಣ್ಣಿಗೆ ಕಾಣೋದು ಎರಡಕ್ಷರ, ಜಾವಾಸ್ಕ್ರಿಪ್ಟ್ ಲೆಂಗ್ತ್ ಹೇಳೋದು 7, ಯಾಕಂದ್ರೆ ಶ, ದೀರ್ಘ, ಸ, ವಿರಾಮ, ತ, ವಿರಾಮ, ರ ಅಂತ ಬಿಡಿಬಿಡಿಯಾಗಿ ಎಣಿಸತ್ತೆ. ಎರಡೂ ಸಂಖ್ಯೆ ತೆರೆ ಮೇಲಿನ ಅಗಲಕ್ಕೆ ಸಂಬಂಧ ಇಲ್ಲ.

ದಾರಿ ಏನಂದ್ರೆ ಕನ್ನಡ ಪದನ ಒಂದು ಸ್ಪ್ಯಾನಲ್ಲಿ ಹಾಕಿ, ಇನ್‌ಲೈನ್-ಬ್ಲಾಕ್ ಮಾಡಿ, ವಿಡ್ತ್ 12ಸಿಎಚ್ ಅಂತ ಕೊಡಿ. ಸಿಎಚ್ ಅಂದ್ರೆ ಆ ಫಾಂಟಿನ ಸೊನ್ನೆ ಅಂಕಿಯ ಅಗಲ, ಮಾನೋಸ್ಪೇಸಲ್ಲಿ ಎಲ್ಲಾ ಅಕ್ಷರನೂ ಅಷ್ಟೇ ಅಲ್ವಾ, ಹಾಗಾಗಿ ಆ ಪದ ಸರಿಯಾಗಿ ಹನ್ನೆರಡು ಚೌಕ ಹಿಡ್ಕೊಂಡು ಕೂರತ್ತೆ, ಒಳಗಡೆ ಯಾವ ಕನ್ನಡ ಫಾಂಟ್ ಬಂದ್ರೂ ಗೋಡೆ ಅಲ್ಲಾಡಲ್ಲ. ವರ್ಟಿಕಲ್-ಅಲೈನ್ ಟಾಪ್ ಕೊಡಿ, ಲೈನ್-ಹೈಟ್ ಕೂಡ ಪಿಕ್ಸೆಲಲ್ಲಿ ಗಟ್ಟಿ ಮಾಡಿ, ಇಲ್ಲಾಂದ್ರೆ ಕನ್ನಡ ಇರೋ ಸಾಲು ಮಾತ್ರ ಎತ್ತರ ಆಗಿ ಉದ್ದಗೆರೆ ತುಂಡಾಗತ್ತೆ. ಬರೀ ಚೌಕಟ್ಟು ಸಾಕು ಅಂದ್ರೆ ಸಿಎಸ್‌ಎಸ್ ಬಾರ್ಡರ್ ಹಾಕಿ ಸುಮ್ನಿರೋದು ಇನ್ನೂ ವಾಸಿ.

ಪ್ರಶ್ನೆ: ಜಪಾನಿನ ಬೆಕ್ಕಿನ ಚಿತ್ರಗಳು ಇರ್ತಾವಲ್ಲ, ತುಂಬಾ ಗುರುತು ಹಾಕಿ ಮಾಡಿರೋದು. ನೀವು ಯಾವಾಗ್ಲೂ ಹೇಳೋ ಹಂಗೆ ಮಾನೋಸ್ಪೇಸ್ ಹಾಕಿದೆ, ಇನ್ನೂ ಕೆಟ್ಟೋಯ್ತು.

ಉತ್ತರ: ಇದೊಂದು ಅಪವಾದ. ಶಿಫ್ಟ್-ಜಿಸ್ ಆರ್ಟ್ ಅನ್ನೋ ಆ ಶೈಲಿನ ಎಂಎಸ್ ಪಿಗಾಥಿಕ್ ಅನ್ನೋ ಫಾಂಟ್ ನೋಡ್ಕೊಂಡು ಬರೆದಿರ್ತಾರೆ, ಅದು ಮಾನೋಸ್ಪೇಸ್ ಅಲ್ಲ, ಒಂದೊಂದು ಅಕ್ಷರಕ್ಕೂ ಬೇರೆ ಅಗಲ. ಅರ್ಧ ಅಗಲದ ಸ್ಪೇಸು, ಪೂರ್ತಿ ಅಗಲದ ಸ್ಪೇಸು ಎರಡನ್ನೂ ಬೆರೆಸಿ ಒಂದೆರಡು ಪಿಕ್ಸೆಲ್ ಲೆಕ್ಕದಲ್ಲಿ ಸರಿಸಿ ಸರಿಸಿ ಕೂರಿಸಿರ್ತಾರೆ, ನಿಜಕ್ಕೂ ತಾಳ್ಮೆ ಬೇಕು. ಪ್ರೀ ಇರ್ಲಿ, ಫಾಂಟ್ ಮಾತ್ರ ಬದಲಾಯ್ಸಿ: ಎಂಎಸ್ ಪಿಗಾಥಿಕ್ 16 ಪಿಕ್ಸೆಲ್. ಅದು ಇಲ್ಲದ ಕಡೆಗೆ ಅಂತ ಅದೇ ಅಳತೆಗೆ ಮಾಡಿರೋ ಮೋನಾ ಫಾಂಟ್ ಇದೆ, ಅದನ್ನ ವೆಬ್ ಫಾಂಟ್ ಮಾಡಿ ಜೊತೇಲಿ ಕಳಿಸಿ. ಸೈಜ್ ದೊಡ್ಡದು ಚಿಕ್ಕದು ಮಾಡೋಕೆ ಹೋಗ್ಬೇಡಿ.

ಪ್ರಶ್ನೆ: ಫೋಟೋನ ಆಸ್ಕಿಗೆ ಬದಲಾಯಿಸಿ ಹಾಕಿದೀನಿ. ಹಗಲು ಸರಿ ಇರತ್ತೆ, ರಾತ್ರಿ ಡಾರ್ಕ್ ಮೋಡ್ ಆನ್ ಆದ ತಕ್ಷಣ ಮುಖ ಫಿಲಂ ನೆಗೆಟಿವ್ ತರ ಆಗತ್ತೆ. ಅಲ್ದೆ ಮುಖ ಉದ್ದಕ್ಕೆ ಎಳೆದಂಗಿದೆ.

ಉತ್ತರ: ಕನ್ವರ್ಟರ್ ಮಾಡೋದು ಏನು, ಕಪ್ಪಿಗೆ ಅಟ್ ಗುರುತು `@` ತರ ಭಾರದ ಅಕ್ಷರ, ಬಿಳಿಗೆ ಚುಕ್ಕಿ ಅಥವಾ ಸ್ಪೇಸ್. ಬಿಳಿ ಕಾಗದದ ಮೇಲೆ ಕಪ್ಪು ಶಾಯಿ ಅಂತ ಅಂದ್ಕೊಂಡಿರೋ ಲೆಕ್ಕ ಅದು. ಹಿನ್ನೆಲೆ ಕಪ್ಪಾದ್ರೆ ಅದೇ ಭಾರದ ಅಕ್ಷರ ಹೆಚ್ಚು ಬೆಳಕು ಕೊಡತ್ತೆ, ಕೂದಲು ಬೆಳ್ಳಗಾಗತ್ತೆ. ಪ್ರೀಗೆ ಬಣ್ಣ ಮತ್ತೆ ಹಿನ್ನೆಲೆ ಎರಡನ್ನೂ ಒಟ್ಟಿಗೆ ಗಟ್ಟಿ ಮಾಡಿ, ಒಂದನ್ನ ಮಾತ್ರ ಕೊಟ್ರೆ ಇನ್ನೊಂದನ್ನ ಥೀಮ್ ಬದಲಾಯಿಸಿಬಿಡತ್ತೆ. ಎರಡು ಮೋಡಿಗೂ ಬೇರೆ ಬೇರೆ ಚಿತ್ರ ತಯಾರು ಮಾಡಿ ಪ್ರಿಫರ್ಸ್-ಕಲರ್-ಸ್ಕೀಮ್ ನೋಡಿ ಬದಲಾಯಿಸೋರೂ ಇದಾರೆ, ಉತ್ಸಾಹ ಇದ್ರೆ ಮಾಡಿ.

ಉದ್ದ ಆಗಿರೋದಕ್ಕೆ ಕಾರಣ ಚೌಕ ನಿಜವಾಗ್ಲೂ ಚೌಕ ಅಲ್ಲ. ಅಗಲ 0.6, ಸಾಲಿನ ಎತ್ತರ 1.2 ಆದ್ರೆ ಎತ್ತರ ಅಗಲದ ಡಬಲ್. ಕನ್ವರ್ಟರಿಗೆ ಅಡ್ಡಕ್ಕೆ 100 ಅಕ್ಷರ ಹೇಳಿದ್ರೆ ಚೌಕಾಕಾರದ ಫೋಟೋಗೆ ಸಾಲು 50 ಇರ್ಬೇಕು, 100 ಅಲ್ಲ. ನೀವು ಲೈನ್-ಹೈಟ್ 1 ಮಾಡ್ಕೊಂಡಿದ್ರೆ 60.

ಪ್ರಶ್ನೆ: ಇಷ್ಟೆಲ್ಲಾ ಒದ್ದಾಡೋ ಬದಲು ಸ್ಕ್ರೀನ್‌ಶಾಟ್ ತೆಗೆದು ಇಮೇಜ್ ಹಾಕ್ಬಿಟ್ರೆ ಆಗಲ್ವಾ ಸರ್?

ಉತ್ತರ: ಆಗತ್ತೆ. ಬಣ್ಣ ಇರೋ 80 ಕಾಲಮಿನ ಆನ್ಸಿ ಆರ್ಟಿಗೆ ನಾನೂ ಪಿಎನ್‌ಜಿನೇ ಹಾಕಿ ಅಂತೀನಿ, ಆನ್ಸಿಲವ್ ಅನ್ನೋ ಟೂಲ್ ಅದಕ್ಕೇ ಇರೋದು. ಇಮೇಲಲ್ಲಿ ಕಳಿಸೋದಾದ್ರೂ ಇಮೇಜೇ ಸರಿ, ಅಲ್ಲಿ ಯಾವ ಸಿಎಸ್‌ಎಸ್ ಉಳಿಯತ್ತೆ ಅಂತ ಹೇಳೋಕಾಗಲ್ಲ. ಎಸ್‌ವಿಜಿ (ಗೆರೆಗಳಲ್ಲೇ ಬರೆಯೋ ಇಮೇಜ್) ಮಾಡ್ತೀನಿ ಅನ್ನೋರು ಅಕ್ಷರನ ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಾಯ್ಸಿ, ಟೆಕ್ಸ್ಟ್ ಆಗೇ ಬಿಟ್ರೆ ಫಾಂಟ್ ರಗಳೆ ಅಲ್ಲೂ ಬರತ್ತೆ. ಆದ್ರೆ ನಾಲ್ಕೈದು ಸಾಲಿನ ಬೆಕ್ಕಿಗೆ ಇಮೇಜ್ ಯಾಕೆ? ಅದನ್ನ ಜನ ಕಾಪಿ ಮಾಡ್ಕೊಂಡು ಹೋಗೋದ್ರಲ್ಲೇ ಮಜಾ ಇರೋದು.

ಟೆಕ್ಸ್ಟ್ ಆಗೇ ಇಡೋದಾದ್ರೆ ಒಂದು ಕೆಲ್ಸ ಮರೀಬೇಡಿ. ತೆರೆ ಮೇಲಿದ್ದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಬಳಸೋರಿಗೆ ನಿಮ್ಮ ಬೆಕ್ಕು ಸ್ಲ್ಯಾಶ್, ಬ್ಯಾಕ್‌ಸ್ಲ್ಯಾಶ್, ಅಂಡರ್‌ಲೈನ್, ಸ್ಲ್ಯಾಶ್ ಅಂತ ಕೇಳತ್ತೆ, ದೊಡ್ಡ ಚಿತ್ರ ಆದ್ರೆ ನಿಮಿಷಗಟ್ಟಲೆ. ಪ್ರೀಗೆ ರೋಲ್ ಇಮ್ಗ್ (img) ಕೊಟ್ಟು ಏರಿಯಾ-ಲೇಬಲಲ್ಲಿ (aria-label) ‘ಕೂತಿರೋ ಬೆಕ್ಕು’ ಅಂತ ಬರೆದ್ರೆ ಅಷ್ಟೇ ಓದಿ ಮುಂದೆ ಹೋಗತ್ತೆ. ವೆಬ್ ಸುಲಭಲಭ್ಯತೆಯ ಮಾರ್ಗಸೂಚಿ ಡಬ್ಲ್ಯೂಸಿಎಜಿ ಜೊತೆ ಕೊಡೋ ವಿಧಾನಗಳ ಪಟ್ಟೀಲಿ ಆಸ್ಕಿ ಆರ್ಟ್ ತರದ್ದಕ್ಕೆ ಅಂತ ಎಚ್86 ಅನ್ನೋದನ್ನ ಹಾಕಿದಾರೆ.

ಪ್ರಶ್ನೆ: ಬೇರೆಯವರ ಚಿತ್ರ ಬಳಸ್ತಿದೀನಿ. ಕೆಳಗಡೆ ಮೂಲೇಲಿ ಎರಡು ಮೂರು ಸಣ್ಣ ಅಕ್ಷರ ಇದೆ, ಚಿತ್ರಕ್ಕೆ ಸಂಬಂಧ ಇಲ್ಲ ಅನ್ಸತ್ತೆ. ಅದರಿಂದ ಡಬ್ಬಿ ಅಗಲ ಜಾಸ್ತಿ ಆಗ್ತಿದೆ, ತೆಗೀಲಾ?

ಉತ್ತರ: ತೆಗೀಬೇಡಿ, ಅದು ಬರೆದೋರ ಸಹಿ. ಅಗಲ ಸಾಲದಿದ್ರೆ ಫಾಂಟ್ ಸೈಜ್ ಒಂದು ಪಿಕ್ಸೆಲ್ ಕಮ್ಮಿ ಮಾಡ್ಕೊಳಿ.